ಲಾರಿ ತಿರುಗಿ ಬರುವತನಕ

ನಮ್ಮ ಲಾರಿ ಕಮಲಾಪುರದಲ್ಲಿ ನಿಂತದ್ದೇ ತಡ, ಓಣಿಯ ಗಂಡಸರೆಲ್ಲ ಜೋಳದ ಹೊಲದೊಳಗೆ ಓಡಿಹೋದರು. ಹಲ್ಲಿ ಲೊಚಗುಟ್ಟಿದರೂ ಬೆಚ್ಚುವ ನಾನೂ ಓಡಿಬಿಡುತ್ತಿದ್ದೆ; ಆದರೆ ಅವರು ಅಂಜಿದ್ದೇ ನನಗೆ.

ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಕಾರ್ಯಾಚರಣೆಯ ಮರುವರ್ಷ. ಹೊಸ ಸರ್ಕಾರ ಕಲಬುರ್ಗಿ ರಸ್ತೆಗೆ ಕಲ್ಲು ಒಡೆದು ಖಡಿ ಮಾಡುವ ಕೆಲಸ ತೆಗೆದು, ಕೂಲಿ ಇಲ್ಲದವರನ್ನು ಕರೆತರಲು ಗುಮಾಸ್ತನಾದ ನನ್ನನ್ನು ಕಳಿಸಿತ್ತು. ಗಲಾಟೆಯ ದಿನಗಳಲ್ಲಿ ಇಂಥದೇ ಲಾರಿ ಹತ್ತಿಸಿ ಒಯ್ದ ಗಂಡಸರು ಆ ಓಣಿಗೆ ತಿರುಗಿ ಬಂದಿರಲಿಲ್ಲ.

ಕೂಲಿಯ ಮಾತು ಹೇಳಿ ಹೇಳಿ ನನ್ನ ಗಂಟಲು ಆರಿತು. ಕೊನೆಗೆ ಒಬ್ಬ ಮುದುಕಿ ಮುಂದೆ ಬಂದಳು. ಹಾಗೆ ಹೋದವರಲ್ಲಿ ಅವಳ ಹಿರಿಮಗನೂ ಇದ್ದ.

"ಸಣ್ಣಾಂವನ್ನ ಕಳಸ್ತೀನ್ರಿ ಸಾಹೇಬ್ರ. ಅಂವ ತಿರುಗಿ ಬರೂತನಕ ನೀವು ನಮ್ಮ ಕಟ್ಟಿ ಮ್ಯಾಲ ಕುಂದರ್ರಿ."

ಗಂಡಸರು ಹೊಲದಿಂದ ಒಬ್ಬೊಬ್ಬರಾಗಿ ಬಂದು ಲಾರಿ ಹತ್ತಿದರು. ನಾನು ಕಟ್ಟೆ ಹತ್ತಿದೆ. ಡ್ರೈವರ್ ಕುಡಿದರೆ? ಗಾಲಿ ಕಳಚಿದರೆ? ಹೊತ್ತು ಮುಳುಗಿದರೂ ಲಾರಿ ಬರಲಿಲ್ಲ. ಸುತ್ತ ಕೂತ ಹೆಂಗಸರು ನನ್ನನ್ನೇ ನೋಡತೊಡಗಿದರು. ನಾನು ಮತ್ತೆ ಮತ್ತೆ ಎದ್ದು ರಸ್ತೆ ನೋಡಿ ಕೂರುವುದನ್ನು ಕಂಡು ಮುದುಕಿ ಕೇಳಿದಳು:

"ಲಾರಿ ನಿಮ್ಮ ಸರ್ಕಾರದ್ದೇ ಅದಲ್ರಿ. ನಿಮಗ್ಯಾಕ್ರಿ ಅಂಜಿಕಿ?"

ದೂರದಲ್ಲಿ ಲಾರಿಯ ದೀಪ ಕಂಡಾಗ ಎಲ್ಲರಿಗಿಂತ ಮೊದಲು ಓಡಿದವನು ನಾನೇ. ಮೈಯೆಲ್ಲ ಧೂಳಾಗಿ ಇಳಿದ ಮಗನ ಮುಖವನ್ನು ಮುದುಕಿ ಸೆರಗಿನಿಂದ ಒರೆಸಿದಳು.

ಮರುದಿನದಿಂದ ಕಟ್ಟೆಯ ಮೇಲೆ ಕೂರಲು ಯಾರೂ ನನಗೆ ಹೇಳಲಿಲ್ಲ. ಆದರೂ ರಸ್ತೆ ಮುಗಿಯುವವರೆಗೆ ಸಂಜೆ ಅದೇ ಕಟ್ಟೆಯ ಮೇಲೆ ಕಾಯುತ್ತಿದ್ದೆ. ಎಲ್ಲರೂ ಇಳಿದ ಮೇಲೆ ಮುದುಕಿ ಒಮ್ಮೆ ಖಾಲಿ ಲಾರಿಯೊಳಗೆ ಇಣುಕುತ್ತಿದ್ದಳು. ಅವಳ ಹಿಂದೆ ನಾನೂ ಇಣುಕುತ್ತಿದ್ದೆ.