‘ಗೊತ್ತಿಲ್ಲ’ ಅಂದ ಟ್ಯೂಷನ್ ಮಿಸ್

ನನ್ನ ಮಗಳು ಅಕ್ಷತಾ ಒಂಬತ್ತನೇ ತರಗತಿಗೆ ಹೋದ ವರ್ಷ, ಅಂದರೆ 2023ರಲ್ಲಿ ನಡೆದದ್ದು ಇದು. ನಾನು ಕಲಬುರಗಿಯ ಸೇಡಂ ರಸ್ತೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ನಮ್ಮ ಮನೆಯವರಿಗೆ ಸಿಮೆಂಟ್ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಮನೆ ಜೇವರ್ಗಿ ಕಾಲೋನಿಯಲ್ಲಿ. ಅಕ್ಷತಾ ಕನ್ನಡ, ವಿಜ್ಞಾನ ಎಲ್ಲ ಚೆನ್ನಾಗಿಯೇ ಓದುತ್ತಿದ್ದಳು. ಗಣಿತ ಅಂದರೆ ಮಾತ್ರ ಅವಳ ಮುಖ ಸಣ್ಣದಾಗುತ್ತಿತ್ತು. ಎಂಟನೇ ತರಗತಿಯನ್ನು ಹೇಗೋ ದಾಟಿದ್ದಳು. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ ಎಂಬ ಹೆದರಿಕೆಯಿಂದ ನಾನು ಟ್ಯೂಷನ್ ಹುಡುಕಲು ಶುರುಮಾಡಿದೆ.

ಆಸ್ಪತ್ರೆಯ ನರ್ಸ್‌ಗಳನ್ನು ಕೇಳಿದೆ, ಔಷಧಿ ಅಂಗಡಿಯವರನ್ನು ಕೇಳಿದೆ, ಓಣಿಯವರನ್ನು ಕೇಳಿದೆ. ಮೊದಲು ಒಬ್ಬ ನಿವೃತ್ತ ಮಾಸ್ತರರು ಸಿಕ್ಕರು. ಲೆಕ್ಕ ಕೊಟ್ಟು, ಅದು ಮುಗಿಯುವುದರೊಳಗೆ ಕುರ್ಚಿಯಲ್ಲೇ ತೂಕಡಿಸುತ್ತಿದ್ದರು. ಆಮೇಲೆ ಬಂದ ಹುಡುಗ ಪಾಠಕ್ಕಿಂತ ಫೋನ್ ನೋಡಿದ್ದೇ ಹೆಚ್ಚು. ಮೂರನೆಯವಳು ನಸ್ರೀನ್. ಇಪ್ಪತ್ತೆರಡು ವರ್ಷದ ಹುಡುಗಿ, ಊರು ಕಮಲಾಪುರ. ಬಿ.ಎಸ್ಸಿ. ಮುಗಿಸಿ ಕಲಬುರಗಿಯಲ್ಲಿ ಬಿ.ಎಡ್. ಓದುತ್ತಿದ್ದಳು. ದಿನಾ ಬಸ್ಸಿನಲ್ಲಿ ಬಂದು ಹೋಗುವವಳು. ಕಾಲೇಜು ಬಿಟ್ಟ ಮೇಲೆ ನಾಲ್ಕೂವರೆಗೆ ನಮ್ಮ ಮನೆಗೆ ಬಂದು, ಆರಕ್ಕೆಲ್ಲ ಎದ್ದು ಬಸ್ ನಿಲ್ದಾಣಕ್ಕೆ ಓಡುತ್ತಿದ್ದಳು.

ನನಗೆ ಬೆಳಗಿನ ಡ್ಯೂಟಿ ಇರುತ್ತಿದ್ದರಿಂದ ಆ ಹೊತ್ತಿಗೆ ನಾನು ಮನೆಯಲ್ಲೇ ಇರುತ್ತಿದ್ದೆ. ಅಡುಗೆಮನೆಯಿಂದ ಪಾಠ ಕೇಳಿಸುತ್ತಿತ್ತು. ಮೊದಲ ವಾರವೆಲ್ಲ ನಸ್ರೀನಳ ಧ್ವನಿ ಮಾತ್ರ. ಎರಡನೇ ವಾರ ಮಗಳ ಧ್ವನಿಯೂ ಕೇಳಿಸತೊಡಗಿತು. ಅದರಲ್ಲಿ ವಿಶೇಷವಿದೆ ಎಂದು ನನಗಾಗ ಹೊಳೆಯಲಿಲ್ಲ.

ಒಂದು ದಿನ ರೊಟ್ಟಿ ಬಡಿಯುತ್ತಿದ್ದೆ. ಅಕ್ಷತಾ ಕೇಳಿದಳು, "ಮಿಸ್, ಮೈನಸ್‌ಗೆ ಮೈನಸ್ ಗುಣಿಸಿದ್ರ ಪ್ಲಸ್ ಯಾಕ ಆಗತದ?" ನಸ್ರೀನ್ ಪುಸ್ತಕದ ಹಾಳೆ ತಿರುವಿದ ಸದ್ದು ಕೇಳಿತು. ಆಮೇಲೆ ಅಂದಳು, "ಆಗತದ ಅನ್ನೋದು ನನಗ ಗೊತ್ತು. ಯಾಕ ಅನ್ನೋದು ಗೊತ್ತಿಲ್ಲ. ನಾಳಿಗೆ ತಿಳಕೊಂಡು ಬರ್ತೀನಿ."

ನನಗೆ ಪಿತ್ತ ನೆತ್ತಿಗೇರಿತು. ಏಳನೇ ತರಗತಿಯ ಮಕ್ಕಳಿಗೂ ಬಾಯಿಪಾಠ ಇರುವ ವಿಷಯ. ಅದೂ ಗೊತ್ತಿಲ್ಲದವಳು ಮಗಳಿಗೆ ಏನು ಹೇಳಿಕೊಟ್ಟಾಳು ಎಂದುಕೊಂಡೆ. ಮರುದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ಹೇಳಿದಾಗ ಜೊತೆಯವರೂ ನಕ್ಕರು. ನಮ್ಮ ಕಾಲೋನಿಯಲ್ಲೇ ಇರುವ ಒಂದು ಹೆಸರಾದ ಕ್ಲಾಸಿಗೆ ಸೇರಿಸಲು ಹೇಳಿದರು. ಡ್ಯೂಟಿ ಮುಗಿಸಿ ಬರುವಾಗಲೇ ಅಲ್ಲಿ ಹೋಗಿ ಅಕ್ಷತಾಳ ಹೆಸರು ಬರೆಸಿಬಿಟ್ಟೆ.

ಆ ದಿನ ನಸ್ರೀನ್ ಎಂದಿಗಿಂತ ಸ್ವಲ್ಪ ಮೊದಲೇ ಬಂದಳು. ಕೈಯಲ್ಲಿ ಒಂದು ನೋಟ್‌ಬುಕ್ ಇತ್ತು. ನಾನು ಗೇಟಿನಲ್ಲೇ ನಿಲ್ಲಿಸಿ, ಅಕ್ಷತಾಳನ್ನು ಬೇರೆ ಕ್ಲಾಸಿಗೆ ಹಾಕಿದ್ದೇವೆ, ಇನ್ನು ಬರುವುದು ಬೇಡ ಎಂದೆ. ಕಾರಣ ಹೇಳಲಿಲ್ಲ. ಅವಳೂ ಕೇಳಲಿಲ್ಲ.

"ಇವತ್ತೊಂದಿನ ಕೂಡ್ಲೇನ್ರಿ ಆಂಟಿ? ನಿನ್ನಿ ಅಕ್ಷತಾ ಒಂದು ಕೇಳಿದ್ಳು," ಅಂದಳು.

"ಬ್ಯಾಡವಾ, ಅಲ್ಲೇ ಕೇಳ್ತಾಳ ಬಿಡು," ಅಂದೆ.

ಅವಳು ತಲೆಯಾಡಿಸಿ ಹೋದಳು. ಅಕ್ಷತಾ ಒಳಗೆ ಕಿಟಕಿಯ ಹತ್ತಿರ ನಿಂತಿದ್ದಳು.

ಹೊಸ ಕ್ಲಾಸಿನಲ್ಲಿ ಒಂದೊಂದು ಬ್ಯಾಚಿಗೆ ನಲವತ್ತು ಮಕ್ಕಳು. ಸರ್ ಒಳ್ಳೆಯವರೇ, ವಿಷಯ ತಿಳಿದವರು. ಬೋರ್ಡ್ ತುಂಬ ಬರೆಯುತ್ತಿದ್ದರು, ಮಕ್ಕಳು ಇಳಿಸಿಕೊಳ್ಳುತ್ತಿದ್ದರು. ಅಕ್ಷತಾಳ ನೋಟ್‌ಬುಕ್ ನೋಡಿದರೆ ಕಣ್ಣು ತುಂಬುವ ಹಾಗಿತ್ತು. ಅಂದವಾದ ಅಕ್ಷರ, ಕೆಂಪು ಗೆರೆ, ಒಂದೂ ಚಿತ್ತಿಲ್ಲ. ಕೊನೆಗೂ ಸರಿಯಾದ ಕಡೆ ಹಾಕಿದೆ ಎಂದು ನೆಮ್ಮದಿಯಿಂದ ಇದ್ದೆ. ಗಣಿತದ ಮಾತು ಬಂದರೆ ಮಗಳು "ತಿಳೀತದ" ಅನ್ನುತ್ತಿದ್ದಳು, ಅಷ್ಟೇ.

ದಸರಾ ರಜೆ ಮುಗಿದ ಮೇಲೆ ಶಾಲೆಯಿಂದ ಕರೆ ಬಂತು. ಗಣಿತದ ಮೇಡಂ ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಯನ್ನು ನನ್ನ ಮುಂದಿಟ್ಟರು. ಅಂಕ ಕಡಿಮೆ ಬಂದದ್ದು ಒಂದು ಕಡೆ. ಅಕ್ಷತಾ ಒಂದು ಲೆಕ್ಕಕ್ಕೆ ಬೇರೆ ಯಾವುದೋ ಲೆಕ್ಕದ ಉತ್ತರವನ್ನು ಒಂದು ಅಂಕಿಯೂ ತಪ್ಪದಂತೆ ಬರೆದಿದ್ದಳು. ಪ್ರಶ್ನೆಯಲ್ಲಿ ಇದ್ದದ್ದು ಹೊಲದ ಅಳತೆ, ಇವಳ ಉತ್ತರದಲ್ಲಿದ್ದದ್ದು ನೀರಿನ ಟ್ಯಾಂಕು. ಮಗಳು ಲೆಕ್ಕಗಳನ್ನು ಬಾಯಿಪಾಠ ಮಾಡುತ್ತಿದ್ದಾಳೆ, ಹೀಗಾದರೆ ಮುಂದಿನ ವರ್ಷ ಕಷ್ಟ ಎಂದರು ಮೇಡಂ.

ಮನೆಗೆ ಬಂದು ಅಕ್ಷತಾಳನ್ನು ಕೂರಿಸಿಕೊಂಡು ಕೇಳಿದೆ. ಮೊದಲು ಬೈದೆ, ಆಮೇಲೆ ಸಮಾಧಾನದಿಂದ ಕೇಳಿದೆ. ಸರ್ ತಿಳಿಯಿತೇ ಎಂದು ಕೇಳಿದಾಗ ಎಲ್ಲರೂ ಹೂಂ ಅನ್ನುತ್ತಾರೆ, ತಾನೂ ಹೂಂ ಅನ್ನುತ್ತೇನೆ ಅಂದಳು. ತಿಳಿಯದಿದ್ದರೆ ಗೊತ್ತಾಗಲಿಲ್ಲ ಅಂತ ಹೇಳಬೇಕಲ್ಲ ಎಂದೆ.

ಅವಳು ನನ್ನ ಮುಖ ನೋಡಲಿಲ್ಲ. "ನಸ್ರೀನ್ ಮಿಸ್ ಗೊತ್ತಿಲ್ಲ ಅಂದ್ರು, ನೀ ಅವರ್ನ ಬಿಡಿಸಿದಿ. ನಾ ಹ್ಯಾಂಗ ಅನ್ಲಿ?"

ನಾನು ಮನೆಯಲ್ಲಿ ಯಾರಿಗೂ ಕಾರಣ ಹೇಳಿರಲಿಲ್ಲ, ಮಗಳು ತಾನೇ ತಿಳಿದುಕೊಂಡಿದ್ದಳು. ನಾಲ್ಕು ತಿಂಗಳು ಅದನ್ನು ಮನಸ್ಸಿನಲ್ಲಿಟ್ಟುಕೊಂಡು ತಿಳಿಯದ್ದನ್ನೆಲ್ಲ ಅಂದವಾಗಿ ಬರೆಯುತ್ತಾ ಬಂದಿದ್ದಳು.

ಮರುದಿನ ಲ್ಯಾಬಿನಲ್ಲಿ ಒಂದು ರಕ್ತದ ಸ್ಯಾಂಪಲ್ ಹೆಪ್ಪುಗಟ್ಟಿತ್ತು. ಇದರಲ್ಲಿ ಏನೂ ಹೇಳಲಿಕ್ಕೆ ಆಗಲ್ಲ, ಇನ್ನೊಮ್ಮೆ ರಕ್ತ ಕೊಡಬೇಕು ಎಂದು ಆ ಪೇಷಂಟ್‌ಗೆ ಹೇಳಿದೆ. ಇದು ನನಗೆ ದಿನದ ಮಾತು. ಗೊತ್ತಾಗದಿದ್ದರೆ ಗೊತ್ತಾಗಲಿಲ್ಲ ಅನ್ನಬೇಕು, ಅಂದಾಜಿನ ಮೇಲೆ ರಿಪೋರ್ಟ್ ಬರೆಯುವ ಹಾಗಿಲ್ಲ. ಅದನ್ನು ಹೇಳಿ ತಿರುಗುವಾಗ ನಸ್ರೀನ್ ನೆನಪಾದಳು. ನಾನು ಇಪ್ಪತ್ತು ವರ್ಷದಿಂದ ಮಾಡುತ್ತಿರುವುದನ್ನೇ ಆ ಹುಡುಗಿ ಮಾಡಿದ್ದಕ್ಕೆ ಗೇಟಿನಿಂದ ವಾಪಸ್ ಕಳಿಸಿದ್ದೆ.

ಅವಳ ಫೋನ್ ನಂಬರ್ ಇತ್ತು, ಆದರೆ ಫೋನಿನಲ್ಲಿ ಮಾತಾಡಲು ಮುಖ ಇರಲಿಲ್ಲ. ಭಾನುವಾರ ಅಕ್ಷತಾಳನ್ನು ಕರೆದುಕೊಂಡು ಕಮಲಾಪುರದ ಬಸ್ ಹತ್ತಿದೆ. ಅಪ್ಪನದು ಬಸ್ ನಿಲ್ದಾಣದ ಹಿಂದೆ ಟೇಲರ್ ಅಂಗಡಿ ಎಂದು ನಸ್ರೀನ್ ಯಾವಾಗಲೋ ಹೇಳಿದ್ದಳು. ಹುಡುಕುವುದು ಕಷ್ಟವಾಗಲಿಲ್ಲ. ಬಿಳಿ ಗಡ್ಡದ ಹಿರಿಯರೊಬ್ಬರು ಹೊಲಿಯುತ್ತಾ ಕೂತಿದ್ದರು. ನಾನು ಅಕ್ಷತಾಳ ಹೆಸರು ಹೇಳುತ್ತಲೇ ಮಷಿನ್ ನಿಲ್ಲಿಸಿದರು.

"ಮೈನಸ್ ಮೈನಸ್ ಅಂತ ಸವಾಲ್ ಕೇಳಿದ ಹುಡುಗಿ ಇಕಿನೇ ಏನ್ರಿ ಅಮ್ಮಾರ? ಆವತ್ತು ನಮ್ಮ ಮನ್ಯಾಗ ಎಲ್ಲಾರಿಗೂ ಕೂಡಿಸಿ ಅದೇ ಹೇಳಿದ್ಳು ನೋಡ್ರಿ. ನನಗ ಅಂತೂ ತಿಳೀಲಿಲ್ಲ. ಬಾ ಬೇಟಿ, ಬಾ."

ಸಿಟ್ಟಿನಿಂದ ಮಾತಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಅಂಗಡಿಯ ಪರದೆ ಎಳೆದು, ತಾವೇ ಮುಂದಾಗಿ ಮನೆಗೆ ಕರೆದುಕೊಂಡು ಹೋದರು.

ನಸ್ರೀನ್ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ನಮ್ಮನ್ನು ನೋಡಿ ಕೈ ಒರೆಸಿಕೊಂಡು ಬಂದು ಚಾಪೆ ಹಾಸಿದಳು. ಅವಳ ತಾಯಿ ತಟ್ಟೆಯಲ್ಲಿ ಕೆಂಪು ಬಾಳೆಹಣ್ಣು ತಂದಿಟ್ಟರು. ನಾನು ಬಂದ ವಿಷಯ ಹೇಳಿದೆ. ಅವಳು ಗೊತ್ತಿಲ್ಲ ಅಂದದ್ದಕ್ಕೇ ಬಿಡಿಸಿದೆ, ಅದು ನನ್ನ ತಪ್ಪು ಅಂದೆ. ಪರವಾಗಿಲ್ಲ ಅನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಹಾಗೆ ಅನ್ನಲಿಲ್ಲ.

"ಭಾಳ ಬ್ಯಾಸರ ಆಗಿತ್ರಿ ಆಂಟಿ. ನನಗ ಪಾಠ ಹೇಳೋದು ಬರಂಗಿಲ್ಲ ಅಂತ ತಿಳಕೊಂಡು, ಬಿ.ಎಡ್. ಬಿಡಬೇಕಂತ ಮಾಡಿದ್ದೆ. ಎರಡು ವಾರ ಕಾಲೇಜಿಗಿ ಹೋಗಲಿಲ್ಲ. ನಮ್ಮ ಅಬ್ಬಾನೇ ಜಗಳಾಡಿ ಕಳಿಸಿದ್ರು."

ಅಷ್ಟು ಹೇಳಿ ಅವಳು ಒಂದು ಹಾಳೆ ತೆಗೆದುಕೊಂಡು ಅಕ್ಷತಾಳ ಪಕ್ಕದಲ್ಲಿ ಕೂತಳು. ಮೂರಕ್ಕೆ ಮೈನಸ್ ಎರಡನ್ನು ಗುಣಿಸು ಅಂದಳು. ಮೈನಸ್ ಆರು. ಎರಡಕ್ಕೆ ಗುಣಿಸಿದರೆ ಮೈನಸ್ ನಾಲ್ಕು. ಒಂದಕ್ಕೆ ಮೈನಸ್ ಎರಡು. ಸೊನ್ನೆಗೆ ಸೊನ್ನೆ. ಒಂದರ ಕೆಳಗೆ ಒಂದು ಬರೆಸಿ, ಉತ್ತರ ಏನಾಗುತ್ತಿದೆ ನೋಡು ಅಂದಳು. ಪ್ರತಿ ಸಲ ಎರಡು ಹೆಚ್ಚಾಗುತ್ತಿದೆ ಎಂದಳು ಅಕ್ಷತಾ.

"ಹಂಗಾರ ಸೊನ್ನಿ ಕೆಳಗ ಮೈನಸ್ ಒಂದು ಬರತದ. ಅದಕ್ಕ ಮೈನಸ್ ಎರಡು ಗುಣಿಸಿದ್ರ?"

ಅಕ್ಷತಾ ಹಾಳೆಯನ್ನೇ ನೋಡುತ್ತಾ ಕೂತಳು. ಎಷ್ಟು ಹೊತ್ತಾದರೂ ನಸ್ರೀನ್ ಅವಸರ ಮಾಡಲಿಲ್ಲ. ಆಮೇಲೆ ಮಗಳು ಮೆಲ್ಲಗೆ, "ಪ್ಲಸ್ ಎರಡು. ಮತ್ತ ಬ್ಯಾರೆ ಬರಲಿಕ್ಕೇ ಬರಂಗಿಲ್ಲ," ಅಂದಳು. ನಲವತ್ತು ದಾಟಿದ ನನಗೂ ಅದು ತಿಳಿದದ್ದು ಆವತ್ತೇ.

ಮತ್ತೆ ಮನೆಗೆ ಬಂದು ಪಾಠ ಹೇಳುತ್ತೀಯಾ ಎಂದು ಕೇಳಿದೆ. ಆಗುವುದಿಲ್ಲ ಅಂದಳು. ಆಗ ಅವಳಿಗೆ ಬಿ.ಎಡ್.ಗಾಗಿ ಶಾಲೆಯೊಂದರಲ್ಲಿ ಪಾಠ ಮಾಡುವ ಅಭ್ಯಾಸ ಇತ್ತು, ಸಂಜೆ ಪುರಸೊತ್ತು ಇರಲಿಲ್ಲ. ಬೇಕಾದರೆ ಭಾನುವಾರ ಅಕ್ಷತಾ ಇಲ್ಲಿಗೇ ಬರಲಿ ಎಂದಳು. ನಾನು ಸರಿ ಅನ್ನುವಷ್ಟರಲ್ಲಿ ತಡೆದಳು.

"ನನಗ ಗೊತ್ತಿಲ್ಲದ್ದು ಇನ್ನೂ ಭಾಳ ಅದಾವ್ರಿ ಆಂಟಿ. ಆಕಿ ಕೇಳಿದ್ರ ಹಂಗೇ ಹೇಳ್ತೀನಿ. ನಡೀತದೇನು?"

ನಡೆಯುತ್ತದೆ ಎಂದೆ.

ಒಂದೂವರೆ ವರ್ಷ ಅಕ್ಷತಾ ಭಾನುವಾರ ಕಮಲಾಪುರಕ್ಕೆ ಹೋದಳು. ಮೊದಲು ನನ್ನ ಜೊತೆ, ಆಮೇಲೆ ಒಬ್ಬಳೇ. ಅವಳ ನೋಟ್‌ಬುಕ್ ತುಂಬ ಚಿತ್ತು, ಕೆಲವು ಲೆಕ್ಕಗಳ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ದೊಡ್ಡ ಅಂಕವೇನೂ ಬರಲಿಲ್ಲ, ಆದರೆ ಬಂದದ್ದು ಅವಳದೇ. ಈಗ ಪಿಯುಸಿಯಲ್ಲಿದ್ದಾಳೆ, ಗಣಿತ ಬಿಟ್ಟಿಲ್ಲ.

ಟ್ಯೂಷನ್ ಹುಡುಕುವಾಗ ನಾನು ಊರನ್ನೆಲ್ಲ ಕೇಳಿದ್ದೆ. ಪಾಠಕ್ಕೆ ಕೂರುವವಳು ಮಗಳು, ಅವಳೊಬ್ಬಳನ್ನು ಮಾತ್ರ ಕೇಳಿರಲಿಲ್ಲ. ನಸ್ರೀನಳನ್ನು ಬಿಡಿಸುವ ಮೊದಲು ಒಂದೇ ಒಂದು ಸಲ ಕೇಳಿದ್ದರೆ ಸಾಕಿತ್ತು.

ನಸ್ರೀನ್ ಈಗ ಕಮಲಾಪುರದ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಹೋದ ತಿಂಗಳು ನಾನೂ ಅಕ್ಷತಾಳೂ ಹೋದಾಗ ಅವಳು ಇನ್ನೂ ತರಗತಿಯಲ್ಲಿದ್ದಳು. ಹೊರಗೆ ಬೇವಿನ ಮರದ ಕೆಳಗೆ ಕಾಯುತ್ತಾ ನಿಂತೆವು. ಒಳಗೆ ಮಕ್ಕಳು ಒಬ್ಬರ ಮೇಲೊಬ್ಬರು ಏನೇನೋ ಕೇಳುತ್ತಿದ್ದರು, ಆಕೆ ನಗುತ್ತಾ ಒಬ್ಬೊಬ್ಬರಿಗೇ ಹೇಳುತ್ತಿದ್ದಳು. ಅಂದು ಅವಳ ಅಪ್ಪ ಜಗಳಾಡದೆ ಇದ್ದಿದ್ದರೆ ಈ ಮಕ್ಕಳಿಗೆ ಈ ಟೀಚರ್ ಇರುತ್ತಿರಲಿಲ್ಲ. ಅದಕ್ಕೆ ಕಾರಣ ನಾನಾಗಿರುತ್ತಿದ್ದೆ. ಹಾಗೆ ಆಯಿತು ಎಂಬುದೂ ನನಗೆ ಎಂದೂ ತಿಳಿಯುತ್ತಿರಲಿಲ್ಲ.