ಕತ್ತು ಅಂಟಿಸಿಕೊಂಡ ಗ್ರೀಕ

ನಮ್ಮ ಹೈಸ್ಕೂಲಿಗೆ ಗ್ರೀಸ್ ದೇಶದ ಗುರುಗಳು ಬಂದದ್ದು ವನಗೂರಿನ ಜೀಪಿನಲ್ಲಿ. ತೊಂಬತ್ತರ ದಶಕದ ಮಾತು. ಪಕ್ಕದ ಎಸ್ಟೇಟಿನ ಸಾಹುಕಾರರು ಬಂಗಲೆ ಖಾಲಿ ಮಾಡುವಾಗ, ಡಿಸ್ಕಸ್ ತಟ್ಟೆ ಎಸೆಯುವ ಗ್ರೀಕನೊಬ್ಬನ ಪ್ಲಾಸ್ಟರ್ ಬೊಂಬೆಯನ್ನು ಶಾಲೆಗೆ ದಾನ ಮಾಡಿದರು. ಎರಡೂವರೆ ಸಾವಿರ ವರ್ಷ ಹಳೆಯ ಶಿಲ್ಪದ ನಕಲಂತೆ. ಅಷ್ಟು ವರ್ಷ ಹೆಸರು ಉಳಿಸಿಕೊಂಡವನ ಕತ್ತು ನಮ್ಮ ರಸ್ತೆಯಲ್ಲಿ ಅರ್ಧ ಗಂಟೆ ತಾಳಲಿಲ್ಲ. ಜೀಪಿನಿಂದ ಮುಂಡ ಬೇರೆ, ತಲೆ ಬೇರೆ ಇಳಿಯಿತು.

ಮೈಮೇಲೆ ನೂಲೆಳೆಯೂ ಇಲ್ಲದ್ದನ್ನು ಕಂಡು ಹೆಡ್‌ಮಾಸ್ಟರು ಗಾಬರಿಯಾಗಿ, ಬೋರ್ಡ್ ಒರೆಸುವ ಬಟ್ಟೆಯನ್ನು ಸೊಂಟಕ್ಕೆ ಸುತ್ತಿಸಿದರು. ತಲೆಯ ಚಿಂತೆ ಪಿ.ಟಿ. ಮೇಷ್ಟ್ರಿಗೆ ಬಿತ್ತು. ಅವರು ಆಚಾರಿಯಿಂದ ಅಂಟು ತರಿಸಿ, ಮುಖ ನೆಲ ನೋಡುವ ಹಾಗೆ ಕೂರಿಸಿಬಿಟ್ಟರು. ಸಂಭಾವಿತರು ತಲೆ ತಗ್ಗಿಸಿಯೇ ಇರುತ್ತಾರೆ ಎಂಬುದು ಅವರ ಲೆಕ್ಕ. ಮಾರನೆಯ ದಿನದಿಂದ ನಮಗೆಲ್ಲ ಅದೇ ಪಾಠ: ಡಿಸ್ಕಸ್ ಹಿಂದಕ್ಕೆ, ಮೂಗು ನೆಲಕ್ಕೆ.

ಸಕಲೇಶಪುರದ ತಾಲ್ಲೂಕು ಕ್ರೀಡಾಕೂಟಕ್ಕೆ ಡಿಸ್ಕಸ್ ಎಸೆಯಲು ನಮ್ಮ ಶಾಲೆಯಿಂದ ಒಬ್ಬಳೇ ಹುಡುಗಿ ಹೋಗಬಹುದಿತ್ತು. ಅದು ನಾನೇ ಆಗಬೇಕೆಂದು ಜೀವ ಬಿಡುತ್ತಿದ್ದೆ. ನನ್ನ ದುರದೃಷ್ಟ, ನನ್ನ ಕತ್ತಿಗೆ ಯಾರೂ ಅಂಟು ಹಾಕಿರಲಿಲ್ಲ. ತಟ್ಟೆ ಹಿಂದಕ್ಕೆ ಹೋದರೆ ಕಣ್ಣೂ ಅದರ ಜೊತೆಗೇ ಹೋಗುತ್ತಿತ್ತು. ಆಯ್ಕೆಯ ದಿನ ಹಾಗೇ ಎಸೆದೆ. ತಟ್ಟೆ ಮೈದಾನ ದಾಟಿ ಕಾಫಿ ಗಿಡಗಳೊಳಗೆ ನುಗ್ಗಿತು. ಹುಡುಕಲು ಇಡೀ ತರಗತಿ ಇಳಿಯಬೇಕಾಯಿತು. ನನ್ನ ಗೆಳತಿ ಮೇಷ್ಟ್ರು ಹೇಳಿಕೊಟ್ಟಂತೆ ಮೂಗು ನೆಲಕ್ಕಿಟ್ಟು ಎಸೆದಳು. ಅವಳದು ಕಾಲ ಬುಡದಲ್ಲೇ ಬಿತ್ತು, ಪಾಪ, ಪೂರ್ತಿ ಗ್ರೀಕ್ ಶೈಲಿಯಲ್ಲಿ.

ಮೇಷ್ಟ್ರು ಆರಿಸಿದ್ದು ಅವಳನ್ನು. ನನ್ನದು ಎಷ್ಟು ದೂರ ಹೋಯಿತು ನೋಡಿ ಸಾರ್ ಎಂದು ಗೋಗರೆದರೆ, ಬೊಂಬೆಯ ಕಡೆ ಕೈ ತೋರಿಸಿದರು.

"ದೂರ ಯಾರ್ ಬೇಕಾದ್ರೂ ಎಸೀತಾರೆ ಕಣಮ್ಮ. ಕತ್ತು ಎಲ್ಲೈತೆ ಅದ್ನ ನೋಡು."

ಆ ಗ್ರೀಕರು ಅಳೆಯುತ್ತಿದ್ದದ್ದೂ ದೂರವನ್ನೇ ಎಂದು ಹೇಳುವಷ್ಟು ವಿದ್ಯೆ ನನಗಾಗ ಇರಲಿಲ್ಲ. ಶಾಲೆಯ ಹಿಂದೆ ಕೂತು ಅತ್ತೆ. ಹೊಟ್ಟೆ ಉರಿದುಹೋಯಿತು. ಈಗಲೂ ಉರಿಯುತ್ತದೆ.

ಎಷ್ಟೋ ವರ್ಷದ ಮೇಲೆ ಒಂದು ಪತ್ರಿಕೆಯಲ್ಲಿ, ಕತ್ತು ಮುರಿಯದಿದ್ದ ಅದೇ ಶಿಲ್ಪದ ಫೋಟೊ ಕಂಡೆ. ಗ್ರೀಕ ತಲೆ ಹಿಂದಕ್ಕೆ ತಿರುಗಿಸಿ ತನ್ನ ತಟ್ಟೆಯನ್ನೇ ನೋಡುತ್ತಿದ್ದ, ಥೇಟ್ ನನ್ನ ಹಾಗೆ. ವಿಲಾಯಿತಿಯಲ್ಲೂ ಒಂದು ನಕಲಿಗೆ ತಲೆಯನ್ನು ತಪ್ಪಾಗಿ ಜೋಡಿಸಿದ್ದಾರಂತೆ. ಅಲ್ಲೂ ಯಾರೋ ಪಿ.ಟಿ. ಮೇಷ್ಟ್ರು ಇದ್ದಿರಬೇಕು. ಪುಟ ಹರಿದುಕೊಂಡು ಆನೇಮಹಲಿಗೆ, ನಿವೃತ್ತರಾಗಿದ್ದ ಮೇಷ್ಟ್ರ ಮನೆಗೆ ಹೋದೆ. ತಪ್ಪಾಯಿತು ಎಂಬ ಒಂದು ಮಾತು ಅವರ ಬಾಯಿಂದ ಬಂದರೆ ನನಗೆ ಸಾಕಿತ್ತು.

ಅವರು ಕಾಫಿ ಕೊಡಿಸಿದರು. ಕನ್ನಡಕ ಏರಿಸಿಕೊಂಡು ಫೋಟೊವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಬೇಸರದಿಂದ ತಲೆಯಾಡಿಸಿ ಪುಟವನ್ನು ನನ್ನ ಕೈಗೆ ವಾಪಸು ಕೊಟ್ಟರು.

"ಇವ್ನೂ ನಿನ್ನಂಗೇ ಕಣಮ್ಮ. ಕತ್ತು ತಪ್ಪು ಮಾಡ್ಬುಟ್ಟವ್ನೆ."