ಮುಗಿಯುವ ಮೊದಲೇ ತೆಗೆದ ಬಾಗಿಲು

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಏನೋ ಇತ್ತು. ಅದನ್ನು ಕರೆಯುವವರು ಯಾರೂ ಉಳಿದಿರಲಿಲ್ಲ. ಎಲ್ಲರಿಗೂ ಅವನು ಟಾರ್ಚಪ್ಪ. ಮೀಸೆ ಮೂಡುವ ಮೊದಲೇ ಟಾಕೀಸಿಗೆ ಗೇಟ್‌ಕೀಪರ್ ಆಗಿ ಸೇರಿದವನು, ಈಗ ಆ ಮೀಸೆಯೇ ನರೆತು ಹೋಗಿತ್ತು. ಕತ್ತಲಲ್ಲಿ ಸೀಟು ತೋರಿಸುವುದು, ಮುಂದಿನ ಸೀಟಿನ ಮೇಲೆ ಕಾಲು ಚಾಚಿದವನ ಮುಖಕ್ಕೆ ಟಾರ್ಚು ಬಿಡುವುದು, ಆಟ ಮುಗಿದಾಗ ಹೊರಬಾಗಿಲ ಅಗುಳಿ ತೆಗೆಯುವುದು. ಇಷ್ಟು ಬಿಟ್ಟರೆ ಅವನಿಗೆ ಬೇರೆ ಕಸುಬು ಬರುತ್ತಿರಲಿಲ್ಲ. ಕೋಪ ಮಾತ್ರ ಯಾರೂ ಕಲಿಸದೆ ಬಂದಿತ್ತು. ಸದಾ ಮೂಗಿನ ತುದಿಯಲ್ಲೇ ಕುಳಿತಿರುತ್ತಿತ್ತು.

ಆ ಹೊರಬಾಗಿಲ ವಿಷಯ ಮೊದಲು ಹೇಳಿಬಿಡಬೇಕು. ಆಟ ಬಿಟ್ಟಾಗ ಹೊರಗೆ ಹೋಗಲು ಇದ್ದದ್ದು ಅದೊಂದೇ, ಪಕ್ಕದ ಓಣಿಗೆ ತೆರೆಯುತ್ತಿತ್ತು. ಒಳಗಡೆ ದಪ್ಪನೆಯ ಪರದೆ, ಹೊರಗಡೆ ಅಗುಳಿ. ಒಳಗೆ ಕುಳಿತವರು ತಮ್ಮ ಗೆಳೆಯರನ್ನು ಬಿಟ್ಟಿಯಾಗಿ ಸೇರಿಸಿಕೊಳ್ಳದಿರಲಿ ಎಂದು ಹಾಗೆ ಮಾಡಿಸಿದ್ದು. ಟಾರ್ಚಪ್ಪ ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಳೆಯ ಯಜಮಾನರು ಅವನ ಕಿವಿ ಹಿಂಡಿ ಹೇಳಿಕೊಟ್ಟಿದ್ದರು: "ಜನ ಅಂದ್ರೆ ನೀರು ಕಣೋ. ತಡೆದ್ರೆ ಒಡ್ಡು ಒಡ್ಕೊಂಡು ನುಗ್ತಾರೆ. ಪಿಕ್ಚರ್ ಮುಗಿಯೋದಕ್ಕೆ ಸ್ವಲ್ಪ ಮುಂಚೆನೇ ಬಾಗಿಲು ತೆಗಿ."

ಟಾರ್ಚಪ್ಪ ಪಿಕ್ಚರ್ ನೋಡುತ್ತಿರಲಿಲ್ಲ, ಕೇಳುತ್ತಿದ್ದ. ಓಣಿಯಲ್ಲಿ ಸ್ಟೂಲು ಹಾಕಿಕೊಂಡು ಬಾಗಿಲಿಗೆ ಕಿವಿ ಕೊಟ್ಟರೆ ಸಾಕು. ಹೊಡೆದಾಟ ಮುಗಿಯಿತು, ಅಳು ಮುಗಿಯಿತು, ಪಿಟೀಲುಗಳೆಲ್ಲ ಸೇರಿ ಜೇನು ಸುರಿಯತೊಡಗಿದವು ಎಂದರೆ ಅಗುಳಿ ತೆಗೆದು ಪರದೆ ಸರಿಸುತ್ತಿದ್ದ. ಬೆಳಕು ಒಳಗೆ ಬೀಳುತ್ತಿತ್ತು, ಜನ ಏಳುತ್ತಿದ್ದರು. ಅವನ ಲೆಕ್ಕ ಒಮ್ಮೆಯೂ ತಪ್ಪಿರಲಿಲ್ಲ.

ಹಳೆಯ ಯಜಮಾನರು ತೀರಿಕೊಂಡ ಮೇಲೆ ಮಗ ಬಂದ. ಮಗನೂ ಒಂದು ಪದ್ಧತಿಯನ್ನು ಮುಂದುವರಿಸಿದ. ಪ್ರತಿ ಆಟ ಬಿಟ್ಟ ಮೇಲೆ, "ಏನಂತಾರೆ ಟಾರ್ಚಪ್ಪ?" ಎಂದು ಕೇಳುತ್ತಿದ್ದ. ಬಾಗಿಲು ದಾಟುವಾಗ ಜನ ಆಡುವ ಮೊದಲ ಮಾತೇ ನಿಜವಾದ ಮಾತು, ಮನೆ ಮುಟ್ಟುವಷ್ಟರಲ್ಲಿ ಅದಕ್ಕೆ ಉಪ್ಪು ಖಾರ ಸೇರಿರುತ್ತದೆ ಎಂಬುದು ಅಪ್ಪ ಮಗ ಇಬ್ಬರ ನಂಬಿಕೆ. ಪಿಕ್ಚರ್ ಉಳಿಸಬೇಕೋ ಎತ್ತಬೇಕೋ ಎಂಬುದು ಟಾರ್ಚಪ್ಪನ ಕಿವಿಯ ಮೇಲೆ ನಿಂತಿರುತ್ತಿತ್ತು.

ಆ ಸಲ ಬಂದದ್ದು ದೆವ್ವದ ಪಿಕ್ಚರ್. ಕೆಲವು ತಿಂಗಳಿಂದ ಟಾಕೀಸು ಬಣಗುಟ್ಟುತ್ತಿತ್ತು. ಸೀಟುಗಳಲ್ಲಿ ಜನಕ್ಕಿಂತ ತಿಗಣೆಯೇ ಹೆಚ್ಚು. ಯಜಮಾನ ಅವನನ್ನು ಕರೆದು ನೇರವಾಗಿ ಹೇಳಿದ: "ಇದೇ ಕೊನೆ ಟಾರ್ಚಪ್ಪ. ಭಾನುವಾರದ ಮ್ಯಾಟಿನಿ ತನಕ ನೋಡ್ತೀನಿ. ಜನ ಹಿಡಿಲಿಲ್ಲ ಅಂದ್ರೆ ಟೈಲ್ಸ್ ವ್ಯಾಪಾರಿಗೆ ಗೋಡೌನಿಗೆ ಕೊಟ್ಟುಬಿಡ್ತೀನಿ."

"ನಮ್ಮ ಮನೆ?"

ಯಜಮಾನ ನೆಲ ನೋಡಿದ. ಸೈಕಲ್ ಸ್ಟ್ಯಾಂಡಿನ ಗೋಡೆಗೆ ಅಂಟಿಕೊಂಡ ಒಂದೂವರೆ ಕೋಣೆಯೇ ಟಾರ್ಚಪ್ಪನ ಮನೆ. ಅದೂ ಟಾಕೀಸಿನದೇ. ಅದರಲ್ಲಿ ಅವನು, ಅವನ ಹೆಂಡತಿ, ಮೊಣಕಾಲು ಹಿಡಿದ ವಿಧವೆ ಅಕ್ಕ, ಅಕ್ಕನ ಹೊಲಿಗೆ ಮಿಷನ್ನು. ಈ ವಯಸ್ಸಿನಲ್ಲಿ ಅಗುಳಿ ತೆಗೆಯುವುದಷ್ಟೇ ಗೊತ್ತಿರುವವನಿಗೆ ಯಾವನು ಕೆಲಸ ಕೊಡುತ್ತಾನೆ? ಅಂದಿನಿಂದ ಅವನು ಬಾಗಿಲಲ್ಲಿ ನಿಂತು ಜನರ ಬಾಯಿಯನ್ನೇ ನೋಡತೊಡಗಿದ, ಹಸಿದ ನಾಯಿ ತಟ್ಟೆ ನೋಡುವ ಹಾಗೆ.

ಆ ಬಾಯಿಗಳಿಂದ ಬಂದದ್ದಾದರೂ ಏನು?

"ಕಪಾಟಿನೊಳಗೆ ಯಾರೋ ತಟ್ಟಿದ್ರಂತೆ, ಕಪಾಟು ಸುಟ್ರಂತೆ, ಕಾರು ಹತ್ತಿ ಹೋದ್ರಂತೆ. ಇಷ್ಟಕ್ಕೆ ನನ್ನ ಮಧ್ಯಾಹ್ನದ ನಿದ್ದೆ ಹಾಳು."

"ಆ ಮುದುಕನ್ನ ನೋಡ್ಕೊಳ್ಳೋಕೆ ಬಂದ ನರ್ಸು ಇಡೀ ಪಿಕ್ಚರಲ್ಲಿ ಒಂದು ತೊಟ್ಟು ನೀರು ಕುಡಿಯಲ್ಲ ಕಣ್ರೀ. ಡೈರೆಕ್ಟರು ಊಟ ಹಾಕ್ಸೋದೇ ಮರ್ತಿದ್ದಾನೆ."

"ನಾಯಿ ಅವಳನ್ನ ಕಂಡ್ರೆ ಯಾಕೆ ಬೊಗಳುತ್ತೆ? ಅದಕ್ಕೆ ಉತ್ತರಾನೇ ಇಲ್ಲ!"

"ಅದೂ ಒಂದು ದೆವ್ವಾನ? ಬರೀ ತಟ್ಟುತ್ತೆ, ಅಳುತ್ತೆ. ಇದಕ್ಕಿಂತ ನಮ್ಮತ್ತೆ ಜೋರು."

ಟಾರ್ಚಪ್ಪ ಮೊದಮೊದಲು ಹಲ್ಲು ಕಚ್ಚಿಕೊಂಡ. ಆಮೇಲೆ ಅದೂ ಆಗಲಿಲ್ಲ. ಕನ್ನಡಕದವನೊಬ್ಬ, "ತಲೆಬುಡ ಇಲ್ಲದ ಕಥೆ" ಎಂದದ್ದೇ ತಡ, ಅವನ ಅಂಗಿಯ ತೋಳು ಹಿಡಿದ.

"ಏನ್ ಸ್ವಾಮಿ, ಬಾಯಿಗೆ ಬಂದಂಗೆ ಮಾತಾಡ್ತೀರಾ? ನೀವು ತೆಗೀರಿ ನೋಡೋಣ ಒಂದು ಪಿಕ್ಚರ್!"

"ಕೈ ಬಿಡಯ್ಯ. ಮೊಟ್ಟೆ ಕೊಳೆತಿದೆ ಅನ್ನೋಕೆ ನಾನೇ ಮೊಟ್ಟೆ ಇಡಬೇಕಾ?"

ಓಣಿಯೆಲ್ಲ ನಕ್ಕಿತು. ಟಾರ್ಚಪ್ಪನ ಕಿವಿ ಕೆಂಪಾಯಿತು. ಆ ಸಂಜೆ ಯಜಮಾನ ಕೇಳಿದಾಗ ಸುಳ್ಳು ಹೇಳೋಣ ಎಂದುಕೊಂಡ. ನಾಲಿಗೆ ಹೊರಳಲಿಲ್ಲ. "ಬಯ್ತಾರೆ ಬುದ್ಧಿ," ಎಂದ.

ಈ ನಡುವೆ ಆ ಪಿಕ್ಚರಿನ ನಿಜ ಗೊತ್ತಿದ್ದವನು ಟಾಕೀಸಿನಲ್ಲೇ ಒಬ್ಬನಿದ್ದ. ಮೇಲಿನ ಕ್ಯಾಬಿನ್ನಿನಲ್ಲಿ ಪ್ರೊಜೆಕ್ಟರ್ ನಡೆಸುವ ಆಪರೇಟರು. ಬೇರೆ ಯಾರೂ ಅಲ್ಲ, ಟಾರ್ಚಪ್ಪನ ಹೆಂಡತಿಯ ತಮ್ಮ. ಹಿಂದೊಮ್ಮೆ ಜನ ಕೂರುವ ಮೊದಲೇ ಆಟ ಶುರು ಮಾಡಿದನೆಂದು ಟಾರ್ಚಪ್ಪ ಎಲ್ಲರೆದುರು ಅವನನ್ನು, "ಗುಂಡಿ ಒತ್ತೋ ಕೋತಿ" ಎಂದಿದ್ದ. "ಇನ್ಮೇಲೆ ನನ್ನ ಹತ್ರ ಒಂದಕ್ಷರ ಆಡಿದ್ರೆ ನಾಲಿಗೆ ಕಿತ್ತು ಕೈಗೆ ಕೊಡ್ತೀನಿ" ಎಂದೂ ಸೇರಿಸಿದ್ದ. ಭಾಮೈದ ಆಡಲಿಲ್ಲ. ಒಂದೇ ಸೂರಿನ ಕೆಳಗೆ ದುಡಿಯುತ್ತ, ಎದುರಾದರೆ ಗೋಡೆ ನೋಡಿಕೊಂಡು ಹೋಗುತ್ತಿದ್ದರು ಇಬ್ಬರೂ.

ಶನಿವಾರ ಮ್ಯಾಟಿನಿಗೆ ಅಕ್ಕ, "ಟಾಕೀಸು ಮುಚ್ಚೋದಾದ್ರೆ ಒಂದು ಸಲ ಕಣ್ತುಂಬ ನೋಡಿಬಿಡ್ತೀನಿ" ಎಂದು ಗೋಡೆ ಹಿಡಿದುಕೊಂಡು ಬಂದಳು. ಟಾರ್ಚಪ್ಪ ಅವಳನ್ನು ಹಿಂದಿನ ಸಾಲಿನಲ್ಲಿ ಕೂರಿಸಿದ. ಪಿಟೀಲು ಶುರುವಾದಾಗ ಎಂದಿನಂತೆ ಬಾಗಿಲು ತೆಗೆದ, ಎಂದಿನಂತೆ ಬೈಸಿಕೊಂಡ. ಮನೆಗೆ ಹೋಗಿ ತಟ್ಟೆಯ ಮುಂದೆ ಕುಳಿತಿದ್ದಾಗ ಅಕ್ಕ ಬಾಗಿಲಲ್ಲಿ ಕಾಣಿಸಿಕೊಂಡಳು. ಮುಖ ಸುಣ್ಣ ಬಳಿದಂತಾಗಿತ್ತು.

"ಲೋ, ನಿಂಗೆ ಬುದ್ಧಿ ಇದ್ಯೇನೋ?"

"ನಾನೇನು ಮಾಡ್ದೆ?"

"ಪಿಕ್ಚರ್ ಮುಗಿಯೋ ಮುಂಚೆ ಯಾಕೋ ಬಾಗಿಲು ತೆಗ್ದೆ?"

"ಮುಗೀತಲ್ಲಕ್ಕ. ಕಾರು ಹತ್ತಿ ಹೋದ್ರಲ್ಲ."

"ಮಣ್ಣು ಮುಗೀತು! ನೀನು ಬಾಗಿಲು ತೆಗ್ದೆ, ಬಿಸಿಲು ಬಿತ್ತು, ಎಲ್ಲ ಎದ್ದು ಹೋದ್ರು. ನನ್ನ ಮೊಣಕಾಲು ಹಿಡ್ಕೊಂಡು ಏಳೋಕಾಗ್ಲಿಲ್ಲ, ಕೂತಿದ್ದೆ. ಪರದೆ ಕಪ್ಪಾಯ್ತು. ಕಪ್ಪಾದ್ಮೇಲೆ ಕಣೋ ಶುರುವಾಗಿದ್ದು ನಿಜವಾದ ಪಿಕ್ಚರ್ರು!"

ಅಕ್ಕ ಹೊಲಿಗೆ ಮಿಷನ್ನಿಗೆ ಒರಗಿ ಹೇಳಿದಳು. ಕಾರಿನಲ್ಲಿ ಮುದುಕನ ಮಗ, ಪಕ್ಕದಲ್ಲಿ ನರ್ಸು. ಫೋನು ಬರುತ್ತದೆ. ಅತ್ತ ಕಡೆ ಒಬ್ಬ ತಾಯಿ. "ನನ್ನ ಮಗಳು ನಿಮ್ಮನೆಗೆ ನರ್ಸು ಕೆಲಸಕ್ಕೆ ಬಂದ ದಿನದಿಂದ ಒಂದು ಮಾತಾಡಿಲ್ಲ ಸ್ವಾಮಿ" ಎನ್ನುತ್ತಾಳೆ. "ನನ್ನ ಪಕ್ಕದಲ್ಲೇ ಇದ್ದಾರಲ್ಲ" ಎನ್ನುತ್ತಾನೆ ಅವನು. ತಾಯಿ ಮಗಳ ಫೋಟೋ ಕಳಿಸುತ್ತಾಳೆ. ಅದು ಬೇರೆ ಮುಖ.

"ಬೇರೆ ಅಂದ್ರೆ?"

"ಬಂದ ದಿನಾನೇ ನಿಜವಾದ ಹುಡುಗೀನ ಕೊಂದು ಕಪಾಟಿಗೆ ತುಂಬಿದ್ಲು ಇವಳು. ತಟ್ತಾ ಇದ್ದಿದ್ದು ಆ ಹುಡುಗಿ ಕಣೋ! ಇವಳನ್ನ ನಂಬಬೇಡಿ, ನಂಬಬೇಡಿ ಅಂತ. ಪಾಪ, ಅದನ್ನೇ ಸುಟ್ಟು ಹಾಕಿದ್ರು. ದೆವ್ವ ಅವನ ಪಕ್ಕದ ಸೀಟಲ್ಲಿ ಕೂತು ನಗ್ತಾ ಇದೆ."

ಟಾರ್ಚಪ್ಪನ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು. ನೀರು ಕುಡಿಯದ ನರ್ಸು. ಬೊಗಳುವ ನಾಯಿ. ಬರೀ ತಟ್ಟಿ ಅಳುವ ದೆವ್ವ. ವಾರವೆಲ್ಲ ಜನ ಬಾಗಿಲಲ್ಲಿ ಉಗಿದು ಹೋದ ಒಂದೊಂದು ಮಾತಿಗೂ ಉತ್ತರ ಆ ಕತ್ತಲಾದ ಮೇಲಿನ ಚೂರಿನಲ್ಲಿತ್ತು. ಆ ಚೂರನ್ನು ಜನ ನೋಡದ ಹಾಗೆ ಬೆಳಕು ಬಿಟ್ಟವನು ತಾನೇ. ತನ್ನ ಮನೆಗೆ ತಾನೇ ಕೊಳ್ಳಿ ಇಟ್ಟಂತಾಗಿತ್ತು.

ಭಾನುವಾರ ಬೆಳಿಗ್ಗೆ ಯಜಮಾನನ ಹತ್ತಿರ ಹೋದ. ಮಾತು ತೊದಲಿತು. "ಇವತ್ತೊಂದಿನ ನೋಡಿ ಬುದ್ಧಿ, ಕೊನೇಲಿ ಒಂದು ತಿರುವು..." ಎಂದ. ಯಜಮಾನ ಕೇಳಿಸಿಕೊಳ್ಳಲಿಲ್ಲ. ಟೈಲ್ಸ್ ವ್ಯಾಪಾರಿ ಟೇಪು ಹಿಡಿದು ಅಳತೆಗೆ ಬಂದಿದ್ದ.

ಮ್ಯಾಟಿನಿ ಶುರುವಾಯಿತು. ರಜೆಯ ದಿನವಾದ್ದರಿಂದ ಕೆಳಗಿನ ಸಾಲುಗಳಲ್ಲಿ ಒಂದಿಷ್ಟು ಜನ. ಟಾರ್ಚಪ್ಪ ಓಣಿಯಲ್ಲಿ ಸ್ಟೂಲು ಬಿಟ್ಟು ನಿಂತೇ ಇದ್ದ. ಒಳಗೆ ಕಪಾಟು ಉರಿಯುವ ಸದ್ದಾಯಿತು. ಅಳು ನಿಂತಿತು. ಪಿಟೀಲು ಎದ್ದಿತು. ಅವನ ಬಲಗೈ ತಾನಾಗಿ ಅಗುಳಿಗೆ ಹೋಯಿತು. ಎಡಗೈಯಿಂದ ಅದನ್ನು ಹಿಡಿದು ಕೆಳಗಿಳಿಸಿ, ತಿರುಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

ಒಳಗೆ ಜನ ಎದ್ದಿದ್ದರು. ಬಾಗಿಲು ತೆರೆಯದಿರುವುದನ್ನು ಕಂಡು ತಟ್ಟತೊಡಗಿದರು. ಮೊದಲು ಬೆರಳಿನಿಂದ, ಆಮೇಲೆ ಅಂಗೈಯಿಂದ.

"ಯಾರ್ರೀ ಅದು, ಬಾಗಿಲು ತೆಗೀರಿ!"

"ಮಗು ಇದೆ ಕಣಪ್ಪಾ, ತೆಗಿ!"

ಮಗು ಎಂದ ಕೂಡಲೆ ಟಾರ್ಚಪ್ಪನ ಕೈ ಬೆನ್ನ ಹಿಂದಿನ ಅಗುಳಿಯನ್ನು ಮುಟ್ಟಿ ವಾಪಸ್ ಬಂತು. ಒಳಗೆ ಯಾರಾದರೂ ಬಿದ್ದರೆ? ಬೆನ್ನಿಗೆ ಪೆಟ್ಟು ಬೀಳುತ್ತಲೇ ಇತ್ತು. ಅಳತೆ ಮುಗಿಸಿದ ವ್ಯಾಪಾರಿಯೊಂದಿಗೆ ಯಜಮಾನ ಓಣಿಗೆ ಬಂದವನು ಕಣ್ಣುಕಣ್ಣು ಬಿಟ್ಟ.

"ತಲೆ ಕೆಟ್ಟಿದ್ಯೇನೋ? ಬಾಗಿಲು ತೆಗಿ!"

"ಆಗಲ್ಲ ಬುದ್ಧಿ."

"ಜನ ಸತ್ತುಹೋದ್ರೆ ಯಾರೋ ಜವಾಬ್ದಾರಿ? ತೆಗಿ ಅಂದೆ!" ಯಜಮಾನ ಅವನ ಕೊರಳಪಟ್ಟಿ ಹಿಡಿದು ಎಳೆದ.

"ಕಾಲಿಗೆ ಬೀಳ್ತೀನಿ, ಒಂದು ಚೂರು ತಡೀರಿ. ಒಂದೇ ಒಂದು ಚೂರು!"

ಹುಟ್ಟಿದಾಗಿನಿಂದ ಯಾರ ಕಾಲಿಗೂ ಬೀಳದ ಮನುಷ್ಯ ಅವನು. ಯಜಮಾನನ ಕೈ ಸಡಿಲವಾಯಿತು. ಅಷ್ಟರಲ್ಲಿ ಒಳಗಿನ ತಟ್ಟುವಿಕೆ ನಿಂತುಹೋಯಿತು. ಒಂದು ಫೋನು ರಿಂಗಾಗುವ ಸದ್ದು. ಒಬ್ಬ ತಾಯಿಯ ದನಿ. ಆಮೇಲೆ ಯಾವ ಸದ್ದೂ ಇಲ್ಲ. ಇದ್ದಕ್ಕಿದ್ದಂತೆ ಒಬ್ಬಳು ಕಿರುಚಿದಳು. ಅವಳ ಹಿಂದೆಯೇ ಇಡೀ ಟಾಕೀಸು ಕಿರುಚಿತು.

ಟಾರ್ಚಪ್ಪ ಅಗುಳಿ ತೆಗೆದ.

ಜನ ಹೊರಬಂದರು. ಮಗುವನ್ನು ಎತ್ತಿಕೊಂಡ ಹೆಂಗಸು ಮಗುವಿನ ಕಣ್ಣಿನ ಮೇಲೆ ಇಟ್ಟ ಕೈಯನ್ನು ಇನ್ನೂ ತೆಗೆದಿರಲಿಲ್ಲ. ಇಬ್ಬರು ಹುಡುಗಿಯರು ಕೈ ಕೈ ಹಿಡಿದುಕೊಂಡು ಹೋದರು. ಬೈಯುವವರಿಲ್ಲ, ಹೊಗಳುವವರಿಲ್ಲ. ಟಾರ್ಚಪ್ಪ ಒಬ್ಬ ಮುದುಕನ ಮುಂದೆ ಅಡ್ಡ ನಿಂತ.

"ಹೆಂಗಿತ್ತು ಸ್ವಾಮಿ? ಏನಾದ್ರೂ ಒಂದು ಮಾತು ಹೇಳಿ!"

ಮುದುಕ ತಲೆಯಾಡಿಸಿದ. "ನಾನು ಹೇಳಲ್ಲಪ್ಪ. ಹೇಳಿದ್ರೆ ಕೆಟ್ಟೋಗುತ್ತೆ. ನಮ್ಮನೆಯವಳನ್ನ ಕರ್ಕೊಂಡು ಬರ್ತೀನಿ. ಮುಂದಿನ ಆಟ ಎಷ್ಟೊತ್ತಿಗೆ?"

ಯಜಮಾನ ಅದನ್ನು ಕೇಳಿಸಿಕೊಂಡ. ವ್ಯಾಪಾರಿಯ ಕಡೆ ತಿರುಗಿ, "ನಾಲ್ಕು ದಿನ ಬಿಟ್ಟು ಮಾತಾಡೋಣ" ಎಂದ. ಆಮೇಲೆ ಟಾರ್ಚಪ್ಪನ ಕಡೆ ಕೈ ಚಾಚಿದ.

"ಟಾರ್ಚು ಕೊಡು."

"ಬುದ್ಧಿ?"

"ಜನರನ್ನ ಒಳಗೆ ಕೂಡಿ ಹಾಕ್ದವನನ್ನ ನಾನು ಬಾಗಿಲಲ್ಲಿ ಇಟ್ಕೊಳ್ಳೋಕಾಗಲ್ಲ. ಅವರಲ್ಲಿ ಒಬ್ರು ಪೊಲೀಸಿಗೆ ಹೋದ್ರೂ ನಾನು ಒಳಗೆ. ಮನೆ ಈ ತಿಂಗಳು ಇರ್ಲಿ, ಆಮೇಲೆ ನೋಡೋಣ."

ಟಾರ್ಚಪ್ಪ ಜಗಳಕ್ಕೆ ಬಾಯಿ ತೆರೆದ. ಯಜಮಾನ ಹೇಳಿದ್ದರಲ್ಲಿ ತಪ್ಪೇ ಇರಲಿಲ್ಲ, ಅದೇ ಅವನನ್ನು ಕೊಂದದ್ದು. ಟಾರ್ಚು ಕೊಟ್ಟ.

ಓಣಿಯ ಮೆಟ್ಟಿಲ ಮೇಲೆ ಕುಸಿದು ಕುಳಿತವನ ಪಕ್ಕದಲ್ಲಿ ಎರಡು ಕಾಲುಗಳು ಬಂದು ನಿಂತವು. ಭಾಮೈದ.

"ಭಾವ."

ಟಾರ್ಚಪ್ಪ ತಲೆ ಎತ್ತಲಿಲ್ಲ. "ಗೊತ್ತಿದ್ದೂ ಯಾಕೋ ಹೇಳ್ಲಿಲ್ಲ?"

"ಅಕ್ಷರ ಆಡಿದ್ರೆ ನಾಲಿಗೆ ಕೀಳ್ತೀನಿ ಅಂದಿದ್ರಲ್ಲ." ಭಾಮೈದ ಪಕ್ಕದಲ್ಲೇ ಕುಳಿತ. "ದಿನಾ ಮೆಟ್ಟಿಲು ಅರ್ಧ ಇಳಿದು ಬರ್ತಿದ್ದೆ. ನಿಮ್ಮ ಮುಖ ನೋಡಿ ವಾಪಸ್ ಹೋಗ್ತಿದ್ದೆ."

ಆಮೇಲೆ ಭಾಮೈದನೇ ಅವನ ರಟ್ಟೆ ಹಿಡಿದು ಎಬ್ಬಿಸಿ, ಮುಂದಿನ ಆಟಕ್ಕೆ ಒಳಗೆ ಕರೆದೊಯ್ದು ಟಾರ್ಚಪ್ಪನ ಅಕ್ಕನ ಪಕ್ಕ ಕೂರಿಸಿದ. ಅಕ್ಕ ಎರಡನೆಯ ಸಲ ನೋಡಲು ಬಂದಿದ್ದಳು. ಮುದುಕನೂ ಹೆಂಡತಿಯೊಂದಿಗೆ ಬಂದಿದ್ದ. ಹಿಂದೆ ಇನ್ನೂ ಜನ ಬರುತ್ತಿದ್ದರು. ಯಾರೋ ಹೊಸಬ ಟಾರ್ಚು ಹಿಡಿದು, ಬೆಳಕನ್ನು ನೆಲಕ್ಕೆ ಬಿಡುವ ಬದಲು ಜನರ ಕಣ್ಣಿಗೆ ಬಿಡುತ್ತಿದ್ದ. ಕತ್ತೆ, ಎಂದುಕೊಂಡ ಟಾರ್ಚಪ್ಪ.

ಕಪಾಟು ಉರಿಯಿತು. ಪಿಟೀಲು ಎದ್ದಿತು. ಟಾರ್ಚಪ್ಪನಿಗೆ ಗೊತ್ತಿಲ್ಲದೆಯೇ ಮೈ ಸೀಟಿನಿಂದ ಎದ್ದಿತು, ಕೈ ಗಾಳಿಯಲ್ಲಿ ಅಗುಳಿ ಹುಡುಕಿತು. ಅಕ್ಕ ಅಂಗಿ ಹಿಡಿದು ಜಗ್ಗಿದಳು.

"ಕೂತ್ಕೊಳೋ. ಇನ್ನೂ ಇದೆ."

"ಇನ್ನೇನಕ್ಕ ಇದೆ?" ಎಂದ ಅವನು. ಆದರೂ ಕುಳಿತ. ಪರದೆ ಕಪ್ಪಾಯಿತು. ಖಾಲಿ ಕೈಗಳನ್ನು ಎಲ್ಲಿ ಇಡಬೇಕೆಂದು ತಿಳಿಯದೆ ತೊಡೆಯ ಕೆಳಗೆ ಅದುಮಿಕೊಂಡು, ಫೋನು ರಿಂಗಾಗುವುದನ್ನು ಕಾಯತೊಡಗಿದ.